ಪತ್ರೆಯ ಮರೆಯ ಫಲ: ಬಿಲ್ವವೃಕ್ಷದ ಇತಿವೃತ್ತ

ಬಿಲ್ವವೆಂದೊಡನೆ ಶಿವಭಕ್ತನ ಕಣ್ಣಮುಂದೆ ನಿಲ್ಲುವುದು ಮೂರು ದಳದ ಪತ್ರೆ. ಇಷ್ಟಲಿಂಗಾರ್ಚನೆಗೆ ಕುಳಿತವನ ಮುಂದೆ ಭಸ್ಮದ ಜೊತೆಗೆ ಅದು ಇದ್ದೇ ಇರುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಂತೂ ಮರದ ಹೆಸರೇ ‘ಪತ್ರಿಗಿಡ’ವೆಂದಾಗಿದೆ. ಹೂವಿನಿಂದ, ಹಣ್ಣಿನಿಂದ ಹೆಸರು ಪಡೆದ ಮರಗಳು ನಾಡಿನಲ್ಲಿ ಬಹಳ. ಎಲೆಯೊಂದರಿಂದಲೇ ಗುರುತಿಸಿಕೊಂಡು, ಕಾಯಿ ಬಿಟ್ಟರೂ ಯಾರೂ ತಲೆಯೆತ್ತಿ ನೋಡದಂಥ ಸ್ಥಿತಿಗೆ ಬಂದ ಫಲವೃಕ್ಷ ಇದೊಂದೇ ಎಂದರೂ ಸಲ್ಲುತ್ತದೆ. ಆದರೆ ಪ್ರಾಚೀನ ಗ್ರಂಥಗಳ ಸಾಕ್ಷ್ಯವನ್ನು ಪರಿಶೀಲಿಸಿದಾಗ ತೋರುವ ಚಿತ್ರವೇ ಬೇರೆ. ಬಿಲ್ವವು ವಾಙ್ಮಯವನ್ನು ಪ್ರವೇಶಿಸಿದ್ದು ತನ್ನ ಪತ್ರೆಯಿಂದಲ್ಲ, ಫಲದಿಂದ.

ಐತರೇಯ ಬ್ರಾಹ್ಮಣದಲ್ಲಿ ಯಜ್ಞದ ಯೂಪಸ್ತಂಭವನ್ನು ಯಾವ ಮರದಿಂದ ಮಾಡಬೇಕೆಂಬ ವಿಚಾರ ಬರುತ್ತದೆ. ಸ್ವರ್ಗವನ್ನು ಬಯಸುವವನಿಗೆ ಖದಿರ, ತೇಜಸ್ಸನ್ನು ಬಯಸುವವನಿಗೆ ಪಲಾಶ. ಅನ್ನವನ್ನೂ ಪುಷ್ಟಿಯನ್ನೂ ಬಯಸುವವನಿಗೆ ಬಿಲ್ವ. ಅದಕ್ಕೆ ಅಲ್ಲಿ ಕೊಡುವ ಕಾರಣ, ಈ ಮರವು ವರ್ಷ ವರ್ಷವೂ ತಪ್ಪದೆ ಫಲ ಹಿಡಿಯುತ್ತದೆ ಎಂಬುದು. ಋಗ್ವೇದದ ಖಿಲಭಾಗಕ್ಕೆ ಸೇರಿದ ಶ್ರೀಸೂಕ್ತವು ಬಿಲ್ವವನ್ನು ಶ್ರೀದೇವಿಯ ತಪಸ್ಸಿನಿಂದ ಹುಟ್ಟಿದ ವನಸ್ಪತಿಯೆಂದು ಹೊಗಳಿ, ಅದರ ಫಲಗಳು ಒಳಗಿನ ಹೊರಗಿನ ಅಲಕ್ಷ್ಮಿಯನ್ನು ನೀಗಲೆಂದು ಬೇಡುತ್ತದೆ. ‘ಶ್ರೀಫಲ’ವೆಂಬ ಹೆಸರಿನ ಮೂಲವನ್ನು ಇಲ್ಲಿಯೇ ಅರಸಬೇಕು. ಇಂದು ಪೂಜೆಯ ಸಾಮಗ್ರಿಯಲ್ಲಿ ಶ್ರೀಫಲವೆಂದರೆ ತೆಂಗಿನಕಾಯಿ ಎಂದು ಅರ್ಥ ಮಾಡುವುದು ರೂಢಿ. ಅಮರಸಿಂಹನಾದರೋ ತನ್ನ ಕೋಶದಲ್ಲಿ ಶಾಂಡಿಲ್ಯ, ಶೈಲೂಷ, ಮಾಲೂರ ಎಂಬ ಪದಗಳ ಸಾಲಿನಲ್ಲಿ ಶ್ರೀಫಲವನ್ನು ಬಿಲ್ವಕ್ಕೇ ಪರ್ಯಾಯವಾಗಿ ಕೊಟ್ಟಿದ್ದಾನೆ. ಹೆಸರು ಒಂದು ಮರದಿಂದ ಜಾರಿ ಇನ್ನೊಂದು ಮರವನ್ನು ಸೇರಿಕೊಂಡಿತು. ಹಣ್ಣು ಜನರ ನೆನಪಿನಿಂದ ಜಾರಿದ ಬಗೆಗೆ ಇದೂ ಒಂದು ಕುರುಹು.

ಹೆಸರಿನ ಮಾತು ಬಂದಾಗ ಕನ್ನಡದಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ತೊಡಕನ್ನು ಬಿಡಿಸದೆ ಮುಂದುವರಿಯುವಂತಿಲ್ಲ. ಹಿಂದಿ, ಮರಾಠಿ, ವಂಗ ಭಾಷೆಗಳಲ್ಲಿ ಬಿಲ್ವವನ್ನು ‘ಬೇಲ್’ ಎಂದು ಕರೆಯುತ್ತಾರೆ. ಕನ್ನಡದ ‘ಬೇಲ’ ಅದಲ್ಲ. ಬೇಲ, ಬೆಳವಲ ಎಂಬ ಹೆಸರುಗಳಿಂದ ಕನ್ನಡಿಗರು ಕರೆಯುವುದು ಸಂಸ್ಕೃತದ ಕಪಿತ್ಥವನ್ನು. ಮೈಸೂರು ಸೀಮೆಯಲ್ಲಿ ಶ್ರೀರಾಮನವಮಿಯ ಪಾನಕಕ್ಕೆ ಬಳಸುವ ಹಣ್ಣು ಅದು. ಎರಡೂ ನಿಂಬೆಯ ಕುಲಕ್ಕೆ ಸೇರಿದವು, ಎರಡಕ್ಕೂ ಮುಳ್ಳುಂಟು, ಎರಡರ ಕಾಯಿಗೂ ಮರದಂಥ ಗಟ್ಟಿ ಕರಟವುಂಟು. ಇಂಗ್ಲಿಷಿನ ‘ವುಡ್ ಆ್ಯಪಲ್’ ಎಂಬ ಮಾತು ಎರಡಕ್ಕೂ ಅಂಟಿಕೊಂಡು ಗೊಂದಲವನ್ನು ಹೆಚ್ಚಿಸಿತು. ಆದರೆ ಮರವನ್ನು ಕಂಡವರಿಗೆ ಭ್ರಾಂತಿಗೆ ಎಡೆಯಿಲ್ಲ. ಬಿಲ್ವದ ತೊಟ್ಟಿನಲ್ಲಿ ಮೂರು ದಳ. ಬೇಲದ ತೊಟ್ಟಿನಲ್ಲಿ ಐದೋ ಏಳೋ ಸಣ್ಣ ದಳಗಳು. ಬಿಲ್ವದ ಕರಟ ನುಣುಪು, ಬಲಿತಾಗ ಹಸುರಿನಿಂದ ಹಳದಿಗೆ ತಿರುಗುತ್ತದೆ. ಬೇಲದ್ದು ಬೂದುಬಿಳುಪಿನ ಒರಟು ಮೈ. ಬಿಲ್ವದ ತಿರುಳು ಕಿತ್ತಳೆಯ ಬಣ್ಣದ್ದು, ಸಿಹಿ, ಸುಗಂಧಿ. ಬೇಲದ ತಿರುಳು ಕಂದು, ಹುಳಿ. ಕಪಿತ್ಥಕ್ಕೆ ‘ದಂತಶಠ’ವೆಂಬ ಹೆಸರು ಬಂದದ್ದು ಹಲ್ಲು ಚಳಿಯುವಂತೆ ಮಾಡುವ ಆ ಹುಳಿಯಿಂದಲೇ. ಈ ಭೇದವನ್ನು ಅರಿಯದೆ ಹಿಂದಿಯ ವೈದ್ಯಪುಸ್ತಕಗಳನ್ನು ಕನ್ನಡಕ್ಕೆ ತರುವಾಗ ‘ಬೇಲ್’ ಎಂಬುದನ್ನು ‘ಬೇಲ’ವೆಂದು ಬರೆದರೆ ಓದುಗನು ಬೇರೆ ಮರದ ಕೆಳಗೆ ಹೋಗಿ ನಿಲ್ಲುತ್ತಾನೆ.

ಬಿಲ್ವಫಲದ ವಿಷಯದಲ್ಲಿ ಆಯುರ್ವೇದಾಚಾರ್ಯರು ಹೇಳಿದ ಮಾತು ವಿಲಕ್ಷಣವಾದುದು. ಹಣ್ಣುಗಳೆಲ್ಲವೂ ಪಕ್ವವಾದಾಗಲೇ ಗುಣಕಾರಿ, ಬಿಲ್ವವೊಂದನ್ನು ಬಿಟ್ಟು ಎಂಬುದು ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶವು ಸೂತ್ರರೂಪವಾಗಿ ಸಾರುವ ನಿಯಮ. ಇದು ಭಾವಮಿಶ್ರನ ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರದ್ರವ್ಯಗಳನ್ನು ವಿವರಿಸುವ ಅಧ್ಯಾಯವು ಪಕ್ವಬಿಲ್ವವನ್ನು ಜೀರ್ಣಿಸಲು ಕಷ್ಟವಾದದ್ದು, ದೋಷಕರ, ದುರ್ಗಂಧದ ವಾಯುವನ್ನು ಹುಟ್ಟಿಸುವಂಥದು ಎಂದು ಹೇಳಿ, ಎಳೆಯ ಕಾಯಿಯನ್ನು ಮಾತ್ರ ದೀಪನಕಾರಿ, ಕಫವಾತಹರವೆಂದು ಮೆಚ್ಚಿಕೊಳ್ಳುತ್ತದೆ. ಸುಶ್ರುತನ ಅಭಿಪ್ರಾಯವೂ ಇದಕ್ಕೆ ಹೊಂದುವಂಥದೇ. ಕಾಯಿಯು ಗ್ರಾಹಿ, ಅಂದರೆ ಸಡಿಲಾದ ಮಲವನ್ನು ಕಟ್ಟುವಂಥದು. ಅತಿಸಾರ, ಗ್ರಹಣಿ, ಪ್ರವಾಹಿಕೆಗಳಲ್ಲಿ ಅದರ ಬಳಕೆ. ಪೂರ್ಣ ಮಾಗಿದ ಹಣ್ಣಾದರೋ ಮಲವನ್ನು ಸಡಿಲಿಸುತ್ತದೆ. ಒಂದೇ ಮರ, ಒಂದೇ ಕೊಂಬೆ, ಕೆಲವು ತಿಂಗಳುಗಳ ಅಂತರ. ಗುಣ ಮಾತ್ರ ತಲೆಕೆಳಗು. ಬಿಲ್ವದ ಬಗೆಗೆ ತಿಳಿಯಬೇಕಾದ ಮುಖ್ಯ ಸಂಗತಿಯೇ ಇದು. ಇದನ್ನು ಅರಿತವನಿಗೆ ಮರವು ಔಷಧ. ಅರಿಯದವನಿಗೆ ಅನುಮಾನದ ವಸ್ತು. ಪರದೇಶದ ಪಂಡಿತರ ಕೈಯಲ್ಲಿ ಅದಕ್ಕೆ ಒದಗಿದ ಗತಿ ಈ ಮಾತಿಗೆ ನಿದರ್ಶನವಾಗಿದೆ.

ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಸಂವಾದರೂಪದ ಗ್ರಂಥದಲ್ಲಿ ಈ ಫಲವನ್ನು ‘ಬಂಗಾಳದ ಮಾರ್ಮೆಲೊ’ ಎಂದು ಕರೆದು, ರಕ್ತಭೇದಿಯಲ್ಲಿ ಅದರ ಉಪಯೋಗವನ್ನು ತಿಳಿಸಿದ್ದಾನೆ. ಮಾರ್ಮೆಲೊ ಎಂಬುದು ಅವನ ನಾಡಿನ, ಸೇಬಿನ ಕುಲಕ್ಕೆ ಸೇರಿದ ಒಂದು ಹಣ್ಣು. ಸಕ್ಕರೆಪಾಕದಲ್ಲಿ ಇಟ್ಟು ತಿನ್ನುವಂಥದು. ತನಗೆ ಗೊತ್ತಿದ್ದ ಹಣ್ಣಿನ ಹೆಸರನ್ನು ಕಾಣದ ಹಣ್ಣಿಗೆ ಹಚ್ಚಿದನು, ಅಷ್ಟೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಇಟ್ಟಿ ಅಚ್ಯುತನ್ ಎಂಬ ವೈದ್ಯನ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವಿದ್ವಾಂಸರ ನೆರವಿನಿಂದ ರಚಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೂರನೆಯ ಸಂಪುಟದಲ್ಲಿ, 1682ರಲ್ಲಿ, ಮಲಯಾಳದ ‘ಕೂವಳಂ’ ಎಂಬ ಹೆಸರಿನಿಂದಲೇ ಇದರ ಚಿತ್ರ ಬಂದಿತು. ಆದರೆ ಉಳಿದುಕೊಂಡದ್ದು ಓರ್ಟಾ ಇಟ್ಟ ಹೆಸರು. ಲಿನ್ನೇಯಸನು 1753ರಲ್ಲಿ ಮಾರ್ಮೆಲೊಸ್ ಎಂಬ ಪದವನ್ನು ಶಾಸ್ತ್ರೀಯ ನಾಮದೊಳಗೆ ಸೇರಿಸಿದನು. 1800ರಲ್ಲಿ ಕೊರೆಯಾ ದ ಸೆರಾ ಎಂಬ ಪೋರ್ಚುಗೀಸ್ ಪಾದ್ರಿ, ಚಿನ್ನದ ಹಣ್ಣುಗಳನ್ನು ಕಾಯುತ್ತಿದ್ದ ಗ್ರೀಕ್ ಪುರಾಣದ ಕನ್ಯೆಯೊಬ್ಬಳ ಹೆಸರಿನಿಂದ ‘ಈಗ್ಲೆ’ ಎಂಬ ಕುಲವನ್ನು ಕಲ್ಪಿಸಿ ‘ಈಗ್ಲೆ ಮಾರ್ಮೆಲೊಸ್’ ಎಂದು ಅದನ್ನು ಸ್ಥಿರಪಡಿಸಿದನು. ಮುಕ್ಕಣ್ಣನ ಮರಕ್ಕೆ ಯವನಕನ್ಯೆಯ ಹೆಸರು ಬಂದದ್ದು ವಿನೋದವೇ ಸರಿ.

ಈ ನಡುವೆ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸನು ಭಾರತದ ಗಿಡಮರಗಳ ಬಗೆಗೆ ಬರೆದ ಟಿಪ್ಪಣಿಗಳು ಅವನ ಮರಣಾನಂತರ, 1795ರಲ್ಲಿ, ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ನಾಲ್ಕನೆಯ ಸಂಪುಟದಲ್ಲಿ ಪ್ರಕಟವಾದವು. ಅದರಲ್ಲಿ ಬಿಲ್ವಫಲದ ರುಚಿಯನ್ನೂ ಪರಿಮಳವನ್ನೂ ಅವನು ಬಾಯಿತುಂಬ ಹೊಗಳಿ, ದೀರ್ಘಕಾಲದ ಮಲಬದ್ಧತೆಯನ್ನು ಅದು ನೀಗುವುದು ಅನುಭವಸಿದ್ಧವೆಂದು ಬರೆದನು. ಬೀಜದ ಸುತ್ತಲಿನ ಲೋಳೆಯು ಒಳ್ಳೆಯ ಅಂಟೆಂಬುದನ್ನೂ ಗುರುತಿಸಿದನು. ಓರ್ಟಾ ಭೇದಿಯನ್ನು ನಿಲ್ಲಿಸುವುದಕ್ಕೆ ಎನ್ನುತ್ತಾನೆ, ಜೋನ್ಸ್ ಮಲವನ್ನು ಸಡಿಲಿಸುವುದಕ್ಕೆ ಎನ್ನುತ್ತಾನೆ. ಯೂರೋಪಿನ ಓದುಗನಿಗೆ ಇದು ಪರಸ್ಪರವಿರುದ್ಧವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಒಬ್ಬನ ಮಾತು ಕಾಯಿಗೂ ಇನ್ನೊಬ್ಬನ ಮಾತು ಹಣ್ಣಿಗೂ ಸಲ್ಲುತ್ತದೆ; ಚರಕನನ್ನು ಓದಿದ ಯಾವ ವೈದ್ಯನೂ ಈ ಸಮಸ್ಯೆಯನ್ನು ಕ್ಷಣದಲ್ಲಿ ಬಿಡಿಸುತ್ತಿದ್ದನು.

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಆಂಗ್ಲ ವೈದ್ಯರು ದೇಶೀಯರಿಂದ ಕಲಿತು ಇದನ್ನು ಭೇದಿರೋಗಗಳಲ್ಲಿ ಬಳಸತೊಡಗಿದರು. 1867ರ ಬ್ರಿಟಿಷ್ ಫಾರ್ಮಕೋಪಿಯದಲ್ಲಿ ಬಿಲ್ವಫಲಕ್ಕೆ ಸ್ಥಾನ ದೊರೆಯಿತು. ಮರುವರ್ಷ ಎಡ್ವರ್ಡ್ ಜಾನ್ ವೇರಿಂಗನ ಸಂಪಾದಕತ್ವದಲ್ಲಿ ಹೊರಬಂದ ಭಾರತದ ಫಾರ್ಮಕೋಪಿಯದಲ್ಲಿಯೂ ಅದು ಸೇರಿತು. ಹೋಳು ಮಾಡಿ ಒಣಗಿಸಿದ ಕಾಯಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಆದರೆ ಅಲ್ಲಿಗೆ ಮುಟ್ಟಿದ ಸರಕು ಎಂಥದು? 1874ರಲ್ಲಿ ‘ಫಾರ್ಮಕೊಗ್ರಾಫಿಯ’ವೆಂಬ ಪ್ರಸಿದ್ಧ ಗ್ರಂಥವನ್ನು ರಚಿಸಿದ ಫ್ಲ್ಯೂಕಿಗರ್ ಮತ್ತು ಹ್ಯಾನ್‌ಬರಿ ಎಂಬ ವಿದ್ವಾಂಸರು, ಇದರ ಔಷಧಗುಣವು ಯಾವ ಘಟಕವನ್ನು ಅವಲಂಬಿಸಿದೆಯೆಂದು ರಾಸಾಯನಿಕ ಪರೀಕ್ಷೆಯಿಂದ ಹೇಳಲಾಗದೆ ಕೈಬಿಟ್ಟರು. ಅದೇ ಪುಸ್ತಕದಲ್ಲಿ ಅವರು ಇನ್ನೊಂದು ವಿಷಯವನ್ನೂ ದಾಖಲಿಸಿದ್ದಾರೆ: ಬಿಲ್ವದ ಹೆಸರಿನಲ್ಲಿ ಕೆಲವೊಮ್ಮೆ ಕಪಿತ್ಥದ ಕಾಯಿಯೂ ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯೂ ಮಾರಾಟವಾಗುತ್ತಿದ್ದವು. ಬೇಲ, ಬೇಲ್ ಎಂಬ ಹಳೆಯ ತೊಡಕು ಥೇಮ್ಸ್ ನದಿಯ ದಂಡೆಯವರೆಗೆ ಹೋದಂತಾಯಿತು. ಮುಂದೆ ಬ್ರಿಟಿಷ್ ಗ್ರಂಥದಿಂದ ಬಿಲ್ವವು ಹೊರಬಿದ್ದಿತು. ಕಾಯಿಯ ವಯಸ್ಸನ್ನು ನೋಡಿ ಕೀಳುವ ಹಳ್ಳಿಯ ಕಣ್ಣನ್ನು ವ್ಯಾಪಾರದ ಮೂಟೆಯಲ್ಲಿ ಕಟ್ಟಿ ಕಳಿಸಲು ಬರುವುದಿಲ್ಲ. ಭಾರತ ಸರಕಾರವು ಪ್ರಕಟಿಸಿರುವ ಆಯುರ್ವೇದೀಯ ಫಾರ್ಮಕೋಪಿಯವಾದರೋ ಬಿಲ್ವವೆಂಬ ದ್ರವ್ಯವನ್ನು ಅಪಕ್ವ ಅಥವಾ ಅರೆಪಕ್ವ ಫಲದ ತಿರುಳೆಂದೇ ನಿರ್ದೇಶಿಸಿ ಪ್ರಾಚೀನ ನಿಯಮವನ್ನು ಉಳಿಸಿಕೊಂಡಿದೆ.

ಫ್ಲ್ಯೂಕಿಗರನಿಗೆ ಸಿಗದ ಉತ್ತರದ ಒಂದು ಭಾಗ ಮುಂಬಯಿಯಿಂದ ಬಂದಿತು. ಅಲ್ಲಿನ ವೈದ್ಯಕೀಯ ಸಂಶೋಧನ ಪ್ರತಿಷ್ಠಾನದ ಸಂಶೋಧಕರು ಒಣಗಿಸಿದ ಎಳೆಗಾಯಿಯ ಕಷಾಯವನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭೇದಿಯನ್ನುಂಟುಮಾಡುವ ರೋಗಾಣುಗಳನ್ನು ಕೊಲ್ಲುವ ಶಕ್ತಿ ಕಷಾಯಕ್ಕೆ ಅಷ್ಟಾಗಿ ಇಲ್ಲವೆಂದು ಕಂಡುಬಂದಿತು. ಆದರೆ ರೋಗಾಣುಗಳು ಕರುಳಿನ ಜೀವಕೋಶಗಳಿಗೆ ಅಂಟಿಕೊಳ್ಳುವುದನ್ನು ಅದು ತಗ್ಗಿಸುತ್ತಿತ್ತು. ಕಾಲರಾದ ವಿಷವೇ ಮೊದಲಾದವುಗಳ ಪ್ರಭಾವವನ್ನೂ ಕುಂದಿಸುತ್ತಿತ್ತು. ಶತ್ರುವನ್ನು ಕೊಲ್ಲುವುದು ಒಂದು ಬಗೆ, ನೆಲೆಯೂರಲು ಬಿಡದಿರುವುದು ಇನ್ನೊಂದು ಬಗೆ, ಬಿಲ್ವದ್ದು ಎರಡನೆಯದು. ಪ್ರಯೋಗಶಾಲೆಯ ಈ ಫಲಿತಾಂಶವು ವೈದ್ಯನ ಚಿಕಿತ್ಸೆಗೆ ಬದಲಿಯಲ್ಲ. ಭೇದಿಯಿಂದ ನೀರು ಕಳೆದುಕೊಂಡ ಮಗುವಿಗೆ ಮೊದಲು ಬೇಕಾದುದು ಉಪ್ಪು ಸಕ್ಕರೆ ಬೆರೆಸಿದ ನೀರು ಮತ್ತು ವೈದ್ಯನ ನೆರವು. ಆದರೂ ಕಾಯಿಗೆ ‘ಗ್ರಾಹಿ’ ಎಂಬ ಹೆಸರಿಟ್ಟವರು ಬರಿಯ ಊಹೆಯ ಮೇಲೆ ನಡೆದವರಲ್ಲವೆಂಬುದಕ್ಕೆ ಇದು ಸಾಕ್ಷಿಯಾಗುತ್ತದೆ.

ಬಿಲ್ವದ ಬೇರಿನ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಅಗ್ನಿಮಂಥ, ಶ್ಯೋನಾಕ, ಶಿವನೆ, ಪಾದರಿ ಇವುಗಳ ಜೊತೆಗೆ ಬಿಲ್ವದ ಬೇರು ಸೇರಿ ಬೃಹತ್ಪಂಚಮೂಲ. ಅದು ದಶಮೂಲದ ಅರ್ಧ. ವಾಗ್ಭಟನ ಬಿಲ್ವಾದಿಗುಳಿಕೆಯಲ್ಲಿಯೂ ಮೊದಲು ಬರುವುದು ಬಿಲ್ವದ ಬೇರೇ. ದಶಮೂಲಾರಿಷ್ಟವು ಬಾಣಂತಿಯರ ಮನೆಮನೆಯ ಔಷಧವಾಗಿರುವುದರಿಂದ ಈ ಬೇರಿಗೆ ಬೇಡಿಕೆ ಅಪಾರ. ಎಲೆ ಕಿತ್ತರೆ ಚಿಗುರುತ್ತದೆ, ಕಾಯಿ ಕಿತ್ತರೆ ಮತ್ತೆ ಬಿಡುತ್ತದೆ, ಬೇರು ಅಗೆದರೆ ಮರವೇ ಹೋಯಿತು. ಬೇರಿನ ತೊಗಟೆಗೆ ಬದಲಾಗಿ ಕಾಂಡದ ತೊಗಟೆಯನ್ನು ಬಳಸಬಹುದೇ ಎಂಬ ಪರಿಶೀಲನೆ ಇತ್ತೀಚಿನ ದಶಕಗಳಲ್ಲಿ ನಡೆದಿರುವುದು ಈ ಕಾರಣದಿಂದ. 2000ದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಔಷಧಿ ಸಸ್ಯಮಂಡಳಿಯು ಆದ್ಯತೆಯಿಂದ ಬೆಳೆಸಬೇಕೆಂದು ಗುರುತಿಸಿದ 32 ಸಸ್ಯಗಳ ಪಟ್ಟಿಯಲ್ಲಿ ಬಿಲ್ವವೂ ಸೇರಿದೆ.

ಬೆಳೆಸುವುದು ಕಷ್ಟವೇನಲ್ಲ. ಬಿಲ್ವದಷ್ಟು ಸೈರಣೆಯ ಫಲವೃಕ್ಷ ವಿರಳ. ಕಲ್ಲುನೆಲ, ಸವಳು ನೆಲ, ಬೇಸಿಗೆಯ ಉರಿ, ನೀರಿನ ಕೊರತೆ ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ಬಯಲುಸೀಮೆಯ ಒಣಕಾಡುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಅದು ಬೆಳೆಯುವುದು ಈ ಗುಣದಿಂದಲೇ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಕುರುಹುಗಳನ್ನು ಹೇಳುವಾಗ, ಬಿಲ್ವ ಮತ್ತು ಅತ್ತಿ ಒಂದೆಡೆ ಸೇರಿ ಬೆಳೆದಿದ್ದರೆ ಅಲ್ಲಿಂದ ತೆಂಕಣಕ್ಕೆ ಮೂರು ಮೊಳ ಬಿಟ್ಟು, ಮೂರು ಆಳು ಆಳದಲ್ಲಿ ನೀರು ದೊರೆಯುವುದೆಂದು ಬರೆದಿದ್ದಾನೆ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ ಲೋಕೋಪಕಾರವು, ಹನ್ನೊಂದನೆಯ ಶತಮಾನದಲ್ಲಿಯೇ, ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿತ್ತು. ಮರ ಬೆಳೆಸುವ ವಿದ್ಯೆ ಈ ನಾಡಿಗೆ ಹೊಸದಲ್ಲ.

ಬೀಜದಿಂದ ಬೆಳೆಸುವುದು ವಾಡಿಕೆಯ ಕ್ರಮ. ಹಣ್ಣಿನಿಂದ ತೆಗೆದ ಬೀಜವನ್ನು ತೊಳೆದು, ಲೋಳೆ ಕಳೆದು, ಬಹಳ ದಿನ ಇಟ್ಟುಕೊಳ್ಳದೆ ಮುಂಗಾರಿಗೆ ಮಡಿಯಲ್ಲಿ ಬಿತ್ತಬೇಕು. ಇಂಥ ಸಸಿಯು ಫಲಕ್ಕೆ ಬರಲು ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ; ತಾಯಮರದ ಗುಣವೇ ಬರುವುದೆಂಬ ಭರವಸೆಯೂ ಇಲ್ಲ. ಆದ್ದರಿಂದ ಒಳ್ಳೆಯ ಮರದ ಕಣ್ಣನ್ನು ತಂದು ಸಸಿಯ ಮೇಲೆ ಕೂರಿಸುವ ಕಣ್ಣುಕಸಿಯನ್ನು ತೋಟಗಾರರು ಆಶ್ರಯಿಸುತ್ತಾರೆ. ಜೂನ್ ಜುಲೈ ತಿಂಗಳು ಇದಕ್ಕೆ ತಕ್ಕ ಕಾಲ. ಕಸಿಯ ಗಿಡ ನಾಲ್ಕೈದು ವರ್ಷಗಳಲ್ಲಿ ಕಾಯಿ ಹಿಡಿಯುತ್ತದೆ. ಗಿಡದಿಂದ ಗಿಡಕ್ಕೆ ಎಂಟರಿಂದ ಹತ್ತು ಮೀಟರು ಅಂತರ ಬೇಕು. ಎಳೆಯ ಗಿಡದ ದೊಡ್ಡ ಶತ್ರು ನಿಂಬೆಯ ಚಿಟ್ಟೆಯ ಹುಳು. ಚಿಗುರನ್ನೆಲ್ಲ ಎರಡು ದಿನದಲ್ಲಿ ಬೋಳು ಮಾಡಿಬಿಡುತ್ತದೆ. ಸಣ್ಣ ತೋಟದಲ್ಲಿ ಅದನ್ನು ಕೈಯಿಂದ ಆಯ್ದು ತೆಗೆಯುವುದೇ ಸುಲಭೋಪಾಯ.

ಉತ್ತರಪ್ರದೇಶದ ಕುಮಾರಗಂಜ್, ಉತ್ತರಾಖಂಡದ ಪಂತನಗರಗಳ ಕೃಷಿ ವಿಶ್ವವಿದ್ಯಾಲಯಗಳು ಆಯ್ದು ಅಭಿವೃದ್ಧಿಪಡಿಸಿದ ನರೇಂದ್ರ ಬೇಲ್, ಪಂತ್ ಅಪರ್ಣಾ, ಪಂತ್ ಸುಜಾತಾ ಮೊದಲಾದ ತಳಿಗಳು ಕಿಲೋಗ್ರಾಂ ತೂಗುವ, ತೆಳುಕರಟದ, ಕಡಿಮೆ ಬೀಜದ ಹಣ್ಣು ಕೊಡುತ್ತವೆ. ಗುಜರಾತಿನ ಗೋಧ್ರಾ ಕೇಂದ್ರದ ‘ಗೋಮಾ ಯಶಿ’ ಎಂಬ ತಳಿ ಗಿಡ್ಡವಾದುದು, ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ. ಪತ್ರೆಗಾಗಿ ದಿನವೂ ಕೈಚಾಚುವವರಿಗೆ ಇದು ಸಣ್ಣ ಅನುಕೂಲವಲ್ಲ.

ಈ ಮರದ ವರ್ಷಚಕ್ರವನ್ನು ಗಮನಿಸಿದವರಿಗೆ ಇನ್ನೊಂದು ವಿಷಯ ಗೋಚರಿಸುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿ, ವೈಶಾಖ ಜ್ಯೇಷ್ಠಗಳಲ್ಲಿ ಹೊಸ ಚಿಗುರಿನೊಡನೆ ತಿಳಿಹಸುರಿನ ಪರಿಮಳದ ಹೂ ಬಿಡುತ್ತದೆ. ಆಗ ಕಚ್ಚಿದ ಕಾಯಿ ಮಾಗುವುದು ಹತ್ತು ಹನ್ನೊಂದು ತಿಂಗಳ ಮೇಲೆ, ಮುಂದಿನ ಚೈತ್ರ ವೈಶಾಖದಲ್ಲಿ. ಎಂದರೆ ಮರದಲ್ಲಿ ಪತ್ರೆಯಿಲ್ಲದ ದಿನಗಳಲ್ಲಿಯೇ ಹಣ್ಣು. ಒರಿಸ್ಸಾದಲ್ಲಿ ಏಪ್ರಿಲ್ ನಡುವಿನ ಮೇಷ ಸಂಕ್ರಾಂತಿಗೆ ‘ಪಣಾ ಸಂಕ್ರಾಂತಿ’ಯೆಂದೇ ಹೆಸರು, ಅಂದು ಮಾಗಿದ ಬಿಲ್ವದ ತಿರುಳನ್ನು ಬೆಲ್ಲ, ಹಾಲು, ಬಾಳೆಹಣ್ಣು, ಮೆಣಸುಗಳೊಡನೆ ಕದಡಿ ಪಾನಕ ಮಾಡಿ ಹಂಚುತ್ತಾರೆ. ಗಂಗಾತೀರದ ಊರುಗಳಲ್ಲಿ ಬೇಸಿಗೆಯ ಬೀದಿಯ ಪಾನೀಯವೇ ಅದು. ನೇಪಾಳದ ನೇವಾರರಲ್ಲಿ ಹೆಣ್ಣುಮಗುವಿಗೆ ಋತುವಾಗುವ ಮೊದಲೇ ಬಿಲ್ವಫಲದೊಡನೆ ವಿವಾಹದ ಸಂಸ್ಕಾರ ನಡೆಯುತ್ತದೆ. ಹಾಗೆ ಮದುವೆಯಾದವಳಿಗೆ ವೈಧವ್ಯವಿಲ್ಲವೆಂಬುದು ಅವರ ನಂಬಿಕೆ. ಅದಕ್ಕೆ ಆರಿಸುವ ಹಣ್ಣು ಒಡಕಿಲ್ಲದೆ ಪರಿಪೂರ್ಣವಾಗಿರಬೇಕು. ಶ್ರೀಸೂಕ್ತದ ಫಲವು ಅಲ್ಲೆಲ್ಲ ಇನ್ನೂ ಜೀವಂತವಾಗಿದೆ.

ಕರ್ನಾಟಕದಲ್ಲಿ ಮರವನ್ನು ಕಾಪಾಡಿಕೊಂಡು ಬಂದದ್ದು ಪತ್ರೆಯ ಭಕ್ತಿ. ಮಠದ ಅಂಗಳದಲ್ಲಿ, ಗದ್ದುಗೆಯ ಬಳಿಯಲ್ಲಿ, ಶಿವಾಲಯದ ಪೌಳಿಯಲ್ಲಿ ಬಿಲ್ವವನ್ನು ನೆಟ್ಟು ಕೊಡಲಿಯಿಂದ ಉಳಿಸಿದವರು ಭಕ್ತರೇ. ಶೈವಸಂಪ್ರದಾಯವು ಪತ್ರೆಯ ಬಳಕೆಗೆ ಹಾಕಿದ ಕಟ್ಟುಪಾಡುಗಳೂ ಮರದ ಹಿತವನ್ನು ಬಲ್ಲವು. ಚತುರ್ಥಿ, ಅಷ್ಟಮಿ, ನವಮಿ, ಚತುರ್ದಶಿ, ಅಮಾವಾಸ್ಯೆ, ಸಂಕ್ರಾಂತಿ, ಸೋಮವಾರಗಳಲ್ಲಿ ಪತ್ರೆ ಕೀಳಬಾರದು. ಮೊದಲೇ ಕಿತ್ತದ್ದು ಹಳಸಿತೆಂಬ ದೋಷವಿಲ್ಲ. ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು. ತಿಂಗಳಿನ ಎಷ್ಟೋ ದಿನ ಮರಕ್ಕೆ ವಿಶ್ರಾಂತಿ ಕೊಡುವ ವ್ಯವಸ್ಥೆ ಇದು. ತಿಥಿವಾರಗಳ ಶುಭಾಶುಭವನ್ನು ಒಪ್ಪದವರೂ ಈ ವಿಶ್ರಾಂತಿಯ ನಿಯಮವನ್ನು ಅಲ್ಲಗಳೆಯಬೇಕಾಗಿಲ್ಲ.

ಕಟ್ಟುಪಾಡು ಮುರಿದದ್ದು ಪತ್ರೆಯು ಪೇಟೆಯ ಸರಕಾದಾಗ. ಮಹಾಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಯಂದು. ಅದರ ಹಿಂದಿನ ಕೆಲವು ದಿನಗಳಲ್ಲಿ ಎಲೆಯನ್ನು ಬಿಡಿಸುವ ತಾಳ್ಮೆ ವ್ಯಾಪಾರಿಗೆ ಇರುವುದಿಲ್ಲ. ಕೊಂಬೆಗಳನ್ನೇ ಕಡಿದು ಕಂತೆ ಕಟ್ಟುತ್ತಾನೆ. ಕಳೆದ ಜ್ಯೇಷ್ಠದಲ್ಲಿ ಕಚ್ಚಿದ ಕಾಯಿ ಆಗ ಎಂಟು ಒಂಬತ್ತು ತಿಂಗಳಿನದಾಗಿ ಅದೇ ಕೊಂಬೆಯಲ್ಲಿ ತೂಗುತ್ತಿರುತ್ತದೆ. ಬಲಿತಿದೆ, ಹಣ್ಣಾಗಿಲ್ಲ. ಚರಕನೂ ಭಾವಮಿಶ್ರನೂ ಮೆಚ್ಚಿದ್ದು, ಲಂಡನ್ನಿಗೆ ಸರಿಯಾಗಿ ಮುಟ್ಟದೆ ಹೋದದ್ದು, ಮುಂಬಯಿಯಲ್ಲಿ ಪರೀಕ್ಷೆಗೆ ಒಳಗಾದದ್ದು ಮಾಗುವ ಮುನ್ನಿನ ಈ ಕಾಯಿಯೇ. ಪತ್ರೆಯ ಕಂತೆ ಪೇಟೆಗೆ ಹೋಗುತ್ತದೆ. ಕಾಯಿ ಮರದಡಿಯ ಕಸವಾಗುತ್ತದೆ. ವರ್ಷ ವರ್ಷವೂ ಹೀಗೆ ಕೊಂಬೆ ಕಳೆದುಕೊಂಡ ಮರವು ಕ್ರಮೇಣ ಕಾಯಿ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಕಾಯಿಯಿಲ್ಲದೆ ಬೀಜವಿಲ್ಲ, ಬೀಜವಿಲ್ಲದೆ ಸಸಿಯಿಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಪತ್ರೀವನವುಳ್ಳ ಮಠವೊಂದು ತನ್ನ ಮರಗಳಲ್ಲಿ ಕೆಲವನ್ನು ಕತ್ತಿ ಮುಟ್ಟಿಸದೆ ಫಲಕ್ಕೆಂದೇ ಬಿಟ್ಟರೆ, ಪುಷ್ಯದಲ್ಲಿ ಬಲಿತ ಕಾಯಿಯನ್ನು ಹೋಳು ಮಾಡಿ ಒಣಗಿಸಿ ಸ್ಥಳದ ವೈದ್ಯರಿಗೆ ಕೊಡಬಹುದು, ಚೈತ್ರದಲ್ಲಿ ಉಳಿದ ಹಣ್ಣನ್ನು ದಾಸೋಹದ ಪಾನಕಕ್ಕೆ ಬಳಸಬಹುದು, ಅದರ ಬೀಜವನ್ನು ಮುಂಗಾರಿನ ಮಡಿಗೆ ಹಾಕಬಹುದು. ಪತ್ರೆಯನ್ನು ಕೈಯಿಂದ ಬಿಡಿಸಿದರೆ ಅದೇ ಮರ ಮೂರನ್ನೂ ಕೊಡುತ್ತದೆ. ಮಾಘದಲ್ಲಿ ಕೊಂಬೆ ಕಡಿದರೆ ಆ ವರ್ಷಕ್ಕೆ ಸಿಗುವುದು ಪತ್ರೆಯೊಂದೇ.